ಕಡಲೆಯ ಕುಡಿ

ಬಂಜೆಯ ಕೈ ಬೆಳೆ ಮುಟ್ಟಬಾರದು ಎಂದು ಗೌಡ ಕಟ್ಟಪ್ಪಣೆ ಮಾಡಿದ್ದ. ಬಂಜೆಯ ತಲೆ ಬೆಳೆ ಹೊರಬಹುದಿತ್ತು.

ಹಾಗಾಗಿ ಕೇರಿಯ ಹೆಂಗಸರೆಲ್ಲ ಕಡಲೆ ಹೊಲದಲ್ಲಿ ಸಾಲು ಹಿಡಿದು ಕುಡಿ ಚೂಟುವಾಗ ಭಾಗಮ್ಮ ಒಬ್ಬಳೇ ಬದುವಿನ ಮೇಲೆ ನಿಂತಿರುತ್ತಿದ್ದಳು. ಬುಟ್ಟಿ ತುಂಬಿದ ಕೂಡಲೇ ಇಬ್ಬರು ಎತ್ತಿ ಅವಳ ತಲೆಯ ಮೇಲಿಡುತ್ತಿದ್ದರು. ಎರೆಹೊಲ ದಾಟಿ, ಹಳ್ಳ ಇಳಿದು ಹತ್ತಿ, ಊರೊಳಗಿನ ಗೌಡನ ವಾಡೆಗೆ ಮುಟ್ಟಿಸಬೇಕು. ತಿರುಗಿ ಬರಬೇಕು. ಅಷ್ಟರಲ್ಲಿ ಇನ್ನೊಂದು ಬುಟ್ಟಿ ತಯಾರು. ಕಡಲೆ ಗಿಡದ ಹುಳಿ ಇಬ್ಬನಿಯಲ್ಲಿ ಕರಗಿ ಬುಟ್ಟಿಯ ತಳದಿಂದ ಸೋರುತ್ತಿತ್ತು. ಹಣೆಯ ಮೇಲೆ, ಕಣ್ಣಿನೊಳಗೆ, ತುಟಿಯ ಬಿರುಕಿನೊಳಗೆ. ಎರಡೂ ಕೈ ಬುಟ್ಟಿ ಹಿಡಿದಿರುವಾಗ ಒರೆಸಿಕೊಳ್ಳುವುದು ಹೇಗೆ? ಉರಿ ತಡೆದುಕೊಂಡೇ ನಡೆಯುತ್ತಿದ್ದಳು.

ಕೊಳಕೂರಿನ ಆಚೆಗಿನ ಸಣ್ಣ ಹಳ್ಳಿ ಅದು. ದಿಲ್ಲಿಯಲ್ಲಿ ಸ್ವಾತಂತ್ರ್ಯ ಬಂದಿದೆ ಎಂದು ಸೊಲ್ಲಾಪುರದ ಕಡೆಯಿಂದ ಬಂದವರು ಹೇಳಿದ್ದರು. ಇಲ್ಲಿ ಇನ್ನೂ ನಿಜಾಮನ ರಾಜ್ಯವೇ ಇತ್ತು. ಜೇವರ್ಗಿಯ ದಾರಿಯಲ್ಲಿ ಬಂದೂಕು ಹಿಡಿದ ರಜಾಕಾರರು ಓಡಾಡುತ್ತಿದ್ದರು. ಸಂತೆಗಳು ಮುಚ್ಚಿದ್ದವು. ಬೇಳೆ, ಪಲ್ಯ ಕಣ್ಣಿಗೆ ಬೀಳುತ್ತಿರಲಿಲ್ಲ. ಗೌಡ ಬುದ್ಧಿವಂತ. ತಹಸೀಲ್ದಾರರ ಮನೆಗೊಂದು ಬುಟ್ಟಿ, ಠಾಣೆಗೊಂದು ಬುಟ್ಟಿ, ರಜಾಕಾರರ ಠಿಕಾಣಿಗೊಂದು ಬುಟ್ಟಿ ಎಳೆ ಕಡಲೆಪಲ್ಯ ಕಳಿಸಿ ಎಲ್ಲರ ಮರ್ಜಿ ಕಾಯ್ದುಕೊಂಡಿದ್ದ. ಇನ್ನೊಂದು ಕಡೆ, ಗಡಿಯಾಚೆಯ ಕಾಂಗ್ರೆಸ್ ಶಿಬಿರಕ್ಕೂ ಜೋಳದ ಚೀಲ ಹೋಗುತ್ತಿದೆ ಎಂದು ಊರು ಮಾತಾಡಿಕೊಳ್ಳುತ್ತಿತ್ತು.

ಸಂಜೆ ಹೊಲ ಬಿಡುವಾಗ ಝಡತಿ. ಗೌಡನ ಕಾರಭಾರಿ ಬೀರಲಿಂಗಪ್ಪ ಕೋಲು ಹಿಡಿದು ದಾರಿಗೆ ಅಡ್ಡ ನಿಲ್ಲುತ್ತಿದ್ದ. ಒಬ್ಬೊಬ್ಬಳೇ ಮುಂದೆ ಬಂದು ಸೆರಗು ಝಾಡಿಸಬೇಕು. ಉಡಿ ಬಿಚ್ಚಬೇಕು. ಬಾಯಿ ತೆರೆದು ನಾಲಿಗೆ ಚಾಚಬೇಕು.

"ಆ ಅನ್ನು ಬೇ. ಇನ್ನಷ್ಟು ತಗಿ."

ನಾಲಿಗೆಯ ಮೇಲೆ ಹಸಿರು ಕಂಡರೆ ಅಂದಿನ ಕೂಲಿಜೋಳ ಇಲ್ಲ. ಹೊಲದಲ್ಲಿ ತಾನಾಗಿ ಹುಟ್ಟುವ ಹತ್ತರಕಿ, ಹಕ್ಕರಕಿ ಸೊಪ್ಪೂ ಗೌಡನ ಎಮ್ಮೆಗಳಿಗೇ ಸಲ್ಲಬೇಕು. ಎತ್ತು ಹುಲ್ಲಿಗೆ ಬಾಯಿ ಹಾಕದಂತೆ ಕುಕ್ಕೆ ಕಟ್ಟುತ್ತಾರಲ್ಲ, ಕೇರಿಯ ಹೆಂಗಸರಿಗೆ ಕಟ್ಟಿದ ಕುಕ್ಕೆ ಬೀರಲಿಂಗಪ್ಪನ ಕಣ್ಣು.

ಭಾಗಮ್ಮ ಬಾಯಿ ತೆರೆದರೆ ಅವನು ಮುಖ ತಿರುಗಿಸುತ್ತಿದ್ದ. ಅವಳ ನಾಲಿಗೆ ಸುಲಿದ ಹಾಗೆ ಕೆಂಪಾಗಿತ್ತು. ನುಣ್ಣಗಾಗಿತ್ತು. ಉಪ್ಪುಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಗೆ ಸುಣ್ಣ ಬಳಿದಂತೆ ಬಿಳುಪು. ಸಂಜೆಗೆ ಪಾದ ಊದುತ್ತಿದ್ದವು. ಹಳ್ಳದ ದಡ ಹತ್ತುವಾಗ ಎದೆ ಹೊಡೆದುಕೊಳ್ಳುತ್ತಿತ್ತು.

ಘತ್ತರಗಿಯ ಭಾಗ್ಯವಂತಿಗೆ ಹರಕೆ ಹೊತ್ತು ಪಡೆದ ಮಗಳೆಂದು ತೌರಿನವರು ಆ ಹೆಸರಿಟ್ಟಿದ್ದರು. ಮಲ್ಕಪ್ಪನ ಕೈಹಿಡಿದು ಬಂದ ಮೇಲೆ ಎರಡು ಸಲ ಬಸಿರು ನಿಂತಿತ್ತು. ಎರಡು ಸಲವೂ ಹೊಟ್ಟೆ ಕಾಣುವ ಮೊದಲೇ ಹರಿದು ಹೋಯಿತು. ಆಮೇಲೆ ಮುಟ್ಟೇ ತಪ್ಪತೊಡಗಿತು. ತಿಂಗಳು ಬಿಟ್ಟು ಬಂತು. ಮುಂದೆ ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ. ಬಂದರೂ ಮಣ್ಣು ತೊಳೆದ ನೀರಿನಂಥ ಒಂದು ಕಲೆ. ಕೇರಿ ಅವಳಿಗೆ ಬಂಜೆ ಎಂದಿತು. ಊರು ಬಂಜೆ ಎಂದಿತು. ಅವಳೂ ಅದನ್ನೇ ನಂಬಿದಳು.

ಮನೆಯಲ್ಲಿ ಅತ್ತೆ ಮಾಳಮ್ಮ ರೊಟ್ಟಿ ಬಡಿಯುತ್ತಿದ್ದಳು. ಮೊದಲು ಮಗನಿಗೆ. ಆಮೇಲೆ ತನಗೆ. ಉಳಿದರೆ ಸೊಸೆಗೆ. ಎಲ್ಲಿಂದಲಾದರೂ ಒಂದು ಹಿಡಿ ಪುಂಡಿಪಲ್ಯ ಸಿಕ್ಕರೆ ಅದನ್ನು ಹುಳಿ ಹೋಗಲೆಂದು ಕುದಿಸಿ, ನೀರು ಬಸಿದು, ಮತ್ತೆ ಕುದಿಸಿ, ಮಗನ ರೊಟ್ಟಿಯ ಮೇಲೆ ಹಾಕುವಳು. ಭಾಗಮ್ಮನ ಪಾಲಿಗೆ ಒಣ ರೊಟ್ಟಿ, ನೀರಿನಲ್ಲಿ ಕಲಸಿದ ಖಾರ.

"ಫಲ ಕೊಡದ ಗಿಡಕ್ಕ ನೀರ ಯಾಕ ಹೊಯ್ಯಲಿ?" ಎಂದು ಮಾಳಮ್ಮ ಒಲೆಗೆ ಹೇಳುವಂತೆ ಹೇಳುತ್ತಿದ್ದಳು. ಕೇಳಬೇಕಾದವಳಿಗೆ ಕೇಳುತ್ತಿತ್ತು.

ಮಲ್ಕಪ್ಪ ಅಪ್ಪನ ಕಾಲದಿಂದ ಗೌಡನ ಜೀತದಾಳು. ಒಂದು ದಿನ ಗೌಡ ಅವನನ್ನು ವಾಡೆಯ ಅಂಗಳಕ್ಕೆ ಕರೆಸಿದ. ಮಾಳಮ್ಮನನ್ನೂ ಕರೆಸಿದ. ಭಾಗಮ್ಮ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದಳು. ಎಲ್ಲ ಕೇಳಿಸುತ್ತಿತ್ತು.

"ಏನಲೇ ಮಲ್ಕ್ಯಾ, ನಿನ್ನ ಅಪ್ಪ ನನಗ ನಿನ್ನನ್ನ ಕೊಟ್ಟು ಹ್ವಾದ. ನೀ ನನಗ ಯಾರ್ನ ಕೊಟ್ಟು ಹೋಗ್ತಿ? ನಾಳಿ ನನ್ನ ಮಗನ ಹೊಲ ಯಾರು ನೋಡಬೇಕು?"

ಮಲ್ಕಪ್ಪ ನೆಲ ನೋಡಿದ.

"ಮಟಕಿ ಊರಾಗ ಒಂದು ಹುಡುಗಿ ಅದ. ಗಟ್ಟಿ ಮೈ. ನಾನ ಹೇಳಿ ಕಳಿಸೇನಿ. ಬನದ ಹುಣ್ಣಿಮಿಗೆ ಲಗ್ನ ಮಾಡೂಣು. ಈಕಿನ್ನ ಘತ್ತರಗಿಗೆ ಬಿಟ್ಟು ಬಾ. ಗುಡಿ ಮುಂದ ಕುಂತು ಬೇಡಿ ತಿಂತಾಳ."

"ಹೌದ್ರಿ ಧಣ್ಯಾರ" ಎಂದಳು ಮಾಳಮ್ಮ.

ಭಾಗಮ್ಮ ಗಂಡನ ದನಿಗಾಗಿ ಕಾದಳು. ಅವನು ಹೂಂ ಎನ್ನಲಿಲ್ಲ. ಊಹೂಂ ಎನ್ನಲಿಲ್ಲ. ಅವಳು ಸಗಣಿ ಬುಟ್ಟಿ ಎತ್ತಿಕೊಂಡು ತಿಪ್ಪೆಗೆ ಹೋದಳು.

ಗೌಡನ ಸೊಸೆ ತುಂಬಿದ ಬಸುರಿ. ಆ ವಾರ ವಾಡೆಯಲ್ಲಿ ಕುಬಸ. ಹಸಿರು ಸೀರೆ, ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ. ಅಂದೂ ಹೊಲದ ಕೆಲಸ ನಿಂತಿರಲಿಲ್ಲ. ಭಾಗಮ್ಮ ಬುಟ್ಟಿ ಹೊತ್ತು ವಾಡೆಯ ಹಿಂಬಾಗಿಲಿಗೆ ಬಂದಾಗ ಗೌಡನ ತಾಯಿ ದೊಡ್ಡಗೌಡ್ತಿ ಕೂಗಿದಳು:

"ಅಲ್ಲೇ ನಿಂದ್ರು ಬೇ! ಆರತಿ ಮುಗಿಯೂತನಕ ಒಳಗ ಕಣ್ಣು ಹಾಕಬ್ಯಾಡ. ಬಸರಿಗೆ ನಿನ್ನ ದಿಟ್ಟಿ ಬಿದ್ದೀತು."

ಭಾಗಮ್ಮ ಎಮ್ಮೆಯ ಗೋದಲಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತಳು. ಬುಟ್ಟಿ ಇಳಿಸುವಂತಿಲ್ಲ. ಅವಳು ನೆಲಕ್ಕಿಟ್ಟ ಪಲ್ಯ ಮೈಲಿಗೆ. ಒಳಗಿನವರು ಯಾರಾದರೂ ಬಂದು, ಅವಳನ್ನು ಮುಟ್ಟದೆ, ಬುಟ್ಟಿಯನ್ನು ಮಾತ್ರ ಎತ್ತಿಕೊಳ್ಳಬೇಕು. ಯಾರೂ ಬರಲಿಲ್ಲ. ಒಳಗೆ ಹಾಡು ನಡೆದಿತ್ತು. ಬಿಸಿಲೇರಿತು. ಕುತ್ತಿಗೆಯ ನರ ಸೆಳೆಯಿತು. ಹುಳಿನೀರು ಕಣ್ಣಿಗಿಳಿಯಿತು. ಗೋಡೆ ತಿರುಗತೊಡಗಿತು.

ಅವಳು ಬಿದ್ದಳು.

ಎಚ್ಚರವಾದಾಗ ಮುಖದ ತುಂಬ ಎಳೆ ಕುಡಿಗಳು. ತುಟಿಯ ಮೇಲೊಂದು. ಅದನ್ನು ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಬೀರಲಿಂಗಪ್ಪನ ಕೋಲು ಕೆನ್ನೆಗೆ ತಾಗಿತು.

"ಉಗುಳು!"

ಉಗುಳಿದಳು. ಅವಳ ಮೈಗೆ ತಾಗಿದ ಪಲ್ಯವನ್ನೆಲ್ಲ ಬೀರಲಿಂಗಪ್ಪ ಕಾಲಿನಿಂದ ಸರಿಸಿ ಎಮ್ಮೆಯ ಮುಂದೆ ತಳ್ಳಿದ. ಎಮ್ಮೆ ತಿಂದಿತು. ಅದಕ್ಕೆ ಮೈಲಿಗೆ ಇರಲಿಲ್ಲ.

ಇದನ್ನೆಲ್ಲ ನೋಡುತ್ತ ಹಿಂಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಖಾಸೀಂಬಿ. ಜೇವರ್ಗಿಯ ಸೂಲಗಿತ್ತಿ. ಅಲ್ಲಿನ ಡಾಕ್ಟರಬಾಯಿಯ ಕೈಕೆಳಗೂ ದುಡಿಯುತ್ತಿದ್ದಳು. ಗೌಡನ ಸೊಸೆಯ ಹೊಟ್ಟೆ ನೋಡಲು ಬಂಡಿ ಕಳಿಸಿ ಕರೆಸಿದ್ದರು. ಅವಳು ಇಳಿದು ಬಂದು ಭಾಗಮ್ಮನ ಪಕ್ಕ ಕೂತಳು. ರೆಪ್ಪೆ ಬಿಡಿಸಿ ನೋಡಿದಳು. ಉಗುರು ಒತ್ತಿ ನೋಡಿದಳು.

"ಅರೆ ಬೇಟಿ, ಮೈಯಾಗ ಖೂನ್ ಎಲ್ಲದ ನಿನಗ? ಮುಟ್ಟಾಗ್ತಿಯೇನು?"

"ಇಲ್ಲ ಖಾಲಾ. ನಾ ಬಂಜಿ."

"ಯಾರು ಹೇಳಿದ್ರು?"

ಯಾರು ಹೇಳಿದರು? ಎಲ್ಲರೂ ಹೇಳಿದ್ದರು.

"ಬಂಡಿ ತಿರುಗಿ ಹೊಂಟದ. ಹಿಂದ ನಡಕೊಂತ ಬಾ" ಎಂದಳು ಖಾಸೀಂಬಿ.

ಊರ ಹೊರಗೆ ಬಂದ ಮೇಲೆ ಖಾಸೀಂಬಿ ಅವಳನ್ನು ಬಂಡಿಗೆ ಹತ್ತಿಸಿಕೊಂಡಳು. ಬಂಡಿಯವನು ಗೊಣಗಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಜೇವರ್ಗಿಯ ಹತ್ತಿರ ರಜಾಕಾರರು ಬಂಡಿ ತಡೆದರು. ಒಬ್ಬ ಬಂದೂಕಿನ ತುದಿಯಿಂದ ಭಾಗಮ್ಮನ ಸೆರಗು ಸರಿಸಿದ.

"ಬೀಮಾರ್ ಔರತ್ ಹೈ" ಎಂದಳು ಖಾಸೀಂಬಿ, ಅವನ ಕಣ್ಣಲ್ಲಿ ಕಣ್ಣಿಟ್ಟು. "ನಿನ್ನ ಅವ್ವನ ಹೆರಿಗಿ ಮಾಡಿದ ಕೈ ಇದು. ಬಿಡು ದಾರಿ."

ಬಂದೂಕು ಸರಿಯಿತು. ಬಂಡಿ ಮುಂದೆ ಹೋಯಿತು. ಖಾಸೀಂಬಿ ಭಾಗಮ್ಮನ ಸೆರಗು ಸರಿಮಾಡಿದಳು.

ಡಾಕ್ಟರ ಹೆಸರು ಪ್ರಮಿಲಾಬಾಯಿ. ಮುಂಬಯಿಯಲ್ಲಿ ಕಲಿತವಳು. ತನ್ನ ಮನೆಯ ಪಡಸಾಲೆಯಲ್ಲೇ ರೋಗಿಗಳನ್ನು ನೋಡುತ್ತಿದ್ದಳು. ಭಾಗಮ್ಮ ಹೊಸ್ತಿಲ ಹೊರಗೇ ಕುಕ್ಕರುಗಾಲಲ್ಲಿ ಕೂತಳು. ಡಾಕ್ಟರಬಾಯಿ ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದಳು.

"ಬಾಯಿ ತಗಿಯವಾ. ನಾಲಿಗಿ ತೋರಸು."

ಭಾಗಮ್ಮ ಹಿಂದಕ್ಕೆ ಸರಿದಳು. ಎರಡೂ ಕೈ ಮುಗಿದಳು.

"ನಾ ಏನೂ ತಿಂದಿಲ್ರಿ ಬಾಯಾರ! ಒಂದ ಎಲಿನೂ ತಿಂದಿಲ್ರಿ!"

"ತಿಂದಿಲ್ಲಂತ ಕಾಣ್ತದ" ಎಂದಳು ಡಾಕ್ಟರಬಾಯಿ. "ಅದ ನಿನ್ನ ರೋಗ."

ಬಹಳ ಪ್ರಶ್ನೆ ಕೇಳಿದಳು. ಏನು ಉಣ್ಣುತ್ತೀ, ಏನು ಹೊರುತ್ತೀ, ಮುಟ್ಟು ಯಾವಾಗ ನಿಂತಿತು, ಹರಿದುಹೋದ ಬಸಿರು ಎಷ್ಟು. ಆಮೇಲೆ ಕೈ ತೊಳೆದುಕೊಂಡು ಎದುರಿಗೆ ಕೂತಳು.

"ಮುಂಬಯಿ ಗಿರಣಿಗಳೊಳಗ ದುಡಿಯೂ ಬಡ ಹೆಂಗಸರಿಗೆ ಹಿಂಗ ಆಗ್ತಿತ್ತು. ರಕ್ತ ತೆಳ್ಳಗ ನೀರಾಗೂದು, ನಾಲಿಗಿ ಸುಲಿಯೂದು, ಬಸರಾಗಿ ಸಾಯೂದು. ಕಲತವರು ಕುಂತು ಕಾರಣ ಹುಡುಕಿದ್ರು. ಹಸರ ಎಲಿಯೊಳಗ, ಕಾಳಿನೊಳಗ, ಕುರಿ ಖಲೇಜಿಯೊಳಗ ಒಂದು ಸತ್ವ ಅದ. ಈಗೀಗ ಅದಕ್ಕ ಹೆಸರೂ ಇಟ್ಟಾರ, ಎಲಿ ಅನ್ನೂ ಮಾತಿನಿಂದನ. ಅದು ಸಿಗಲಿಲ್ಲಂದ್ರ ಮೈ ಹೊಸಾದು ಏನೂ ಕಟ್ಟೂದಿಲ್ಲ. ರಕ್ತ ಕಟ್ಟೂದಿಲ್ಲ. ತತ್ತಿ ಹಣ್ಣಾಗೂದಿಲ್ಲ."

"ತತ್ತಿ ಅಂದ್ರ ಏನ್ರಿ?"

"ಹೆಂಗಸಿನ ಹೊಟ್ಟಿಯೊಳಗ ತಿಂಗಳಿಗೊಂದು ತತ್ತಿ ಹಣ್ಣಾಗಿ ಇಳೀತದ. ಕಣ್ಣಿಗೆ ಕಾಣಲಾರದಷ್ಟು ಸಣ್ಣದು. ಅದು ಇಳದ್ರ ಕೂಸಿನ ಮಾತು. ನಿನ್ನ ಮೈ ಉಪವಾಸ ಬಿದ್ದು ಬಿದ್ದು ಆ ಕೆಲಸ ಬಿಟ್ಟದ ಅಂತ ನನಗ ಅನಸ್ತದ."

ಭಾಗಮ್ಮ ಬೆಂಚಿನ ತುದಿಗೆ ಸರಿದಳು.

"ಅಂದ್ರ... ನಾ ಬಂಜಿ ಅಲ್ಲೇನ್ರಿ?"

"ಆಣಿ ಮಾಡಿ ಹೇಳೂದಿಲ್ಲ. ಬ್ಯಾರೆ ಕಾರಣಾನೂ ಇರ್ತಾವ. ನಿನ್ನ ಗಂಡನ್ನ ಯಾರರೆ ಪರೀಕ್ಷಾ ಮಾಡ್ಯಾರೇನು? ಇಲ್ಲಲ್ಲ? ಹಸದ ಮೈಗೆ ಬಂಜಿ ಅಂತ ಹೆಸರು ಇಟ್ಟು ಕುಂತಾರ. ಮೊದಲ ಉಣ್ಣು. ಕಡ್ಲಿಪಲ್ಯ, ಮೆಂತೆಪಲ್ಯ, ಪುಂಡಿಪಲ್ಯ, ಬ್ಯಾಳಿ. ಭಾಳ ಹೊತ್ತು ಕುದಸಬ್ಯಾಡ. ಕುದಿಸಿದ ನೀರು ಚೆಲ್ಲಬ್ಯಾಡ, ಅದರಾಗ ಸತ್ವ ಹೋಗ್ತದ."

"ಕಡ್ಲಿಪಲ್ಯ ದಿನಾ ಹೊರತೇನ್ರಿ" ಎಂದಳು ಭಾಗಮ್ಮ. "ತಿಂದ್ರ ಬಾಯಿ ತಗಿಸಿ ನೋಡ್ತಾರ."

ಡಾಕ್ಟರಬಾಯಿ ಕಿಟಕಿಯ ಕಡೆ ನೋಡಿದಳು. "ಔಷಧ ಇತ್ತು, ಮುಗದದ. ಸೊಲ್ಲಾಪುರದ ದಾರಿ ಬಂದ್ ಆಗೇದ. ಗೌಡರ ಜೋಡಿ ಜಗಳ ಮಾಡೂದು ನನ್ನ ಕೈಲಾಗೂದಿಲ್ಲವಾ. ಅದು ನೀವ ಮಾಡಬೇಕು."

ಖಾಸೀಂಬಿ ಅವಳನ್ನು ತನ್ನ ಮನೆಗೆ ಕರೆದೊಯ್ದಳು. ಮೆಂತೆಪಲ್ಯ ಹಾಕಿದ ಬೇಳೆ, ಬಿಸಿ ರೊಟ್ಟಿ, ಎರಡು ತುಂಡು ಖಲೇಜಿ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಖಾರಕ್ಕೆ ಭಾಗಮ್ಮನ ನಾಲಿಗೆ ಉರಿಯಿತು. ಕಣ್ಣೀರು ಸುರಿಯಿತು. ಆದರೂ ಕೈ ನಿಲ್ಲಿಸಲಿಲ್ಲ.

ಮರುದಿನ ಊರಿಗೆ ನಡೆದುಕೊಂಡೇ ಬಂದಳು. ಮಾಳಮ್ಮ ಹೊಸ್ತಿಲಲ್ಲಿ ಕೂತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದಿ ಬೇ?"

"ಅತ್ತಿ, ನಾ ಬಂಜಿ ಅಲ್ಲ" ಎಂದಳು ಭಾಗಮ್ಮ. ಒಳಗಿದ್ದ ಮಲ್ಕಪ್ಪನಿಗೂ ಕೇಳುವಂತೆ ಹೇಳಿದಳು. "ನಾ ಹಸದಾಕಿ."

ಡಾಕ್ಟರಬಾಯಿ ಹೇಳಿದ್ದನ್ನೆಲ್ಲ ತನಗೆ ತಿಳಿದಂತೆ ಹೇಳಿದಳು. ಮಾಳಮ್ಮ ಮೊದಲು ಬೈದಳು. ಸುಲಿದ ನಾಲಿಗೆಯ ಮಾತು ಬಂದಾಗ ಬೈಯುವುದನ್ನು ನಿಲ್ಲಿಸಿದಳು. "ತೋರಸು" ಎಂದಳು. ಸೊಸೆಯ ನಾಲಿಗೆಯನ್ನು ಬಹಳ ಹೊತ್ತು ನೋಡಿದಳು. ಎದ್ದು ಒಳಗೆ ಹೋದಳು.

ಹೊಲಕ್ಕೆ ಹೋದ ಭಾಗಮ್ಮ ಬದುವಿನ ಮೇಲೆ ನಿಲ್ಲಲಿಲ್ಲ. ನೇರ ಬೆಳೆಯೊಳಗೆ ನಡೆದಳು. ಹೆಂಗಸರು ಚೂಟುವುದನ್ನು ನಿಲ್ಲಿಸಿ ನೋಡಿದರು. ಅವಳು ಸಾಲಿನ ನಡುವೆ ಕೂತಳು. ಒಂದು ಕುಡಿ ಚೂಟಿದಳು. ಬಾಯಿಗೆ ಹಾಕಿದಳು. ಹುಳಿ ನಾಲಿಗೆಯನ್ನು ಸುಟ್ಟಿತು. ಅಗಿದಳು. ನುಂಗಿದಳು. ಇನ್ನೊಂದು ಚೂಟಿದಳು.

"ಏ ಬೇ! ಏನ್ ಮಾಡಾಕತ್ತಿ?" ಬೀರಲಿಂಗಪ್ಪ ಓಡಿಬಂದ. "ಎದ್ದೇಳು! ಬಂಜಿ ಕೈ ಹಚ್ಚಿದ್ರ ಬೆಳಿ ಒಣಗ್ತದ!"

"ಒಣಗಿದ್ರ ಒಣಗಲಿ. ಎಮ್ಮಿ ಬಾಯಿಗೆ ಹೋಗೂದು ತಪ್ಪತದ."

ಕೋಲು ಬೆನ್ನಿಗೆ ಬಿತ್ತು. ಅವಳು ಮುಂದಕ್ಕೆ ಬಾಗಿದಳು. ಮಣ್ಣಿಗೆ ಕೈಯೂರಿದಳು. ಆ ಕೈ ಮತ್ತೆ ಗಿಡದ ಕಡೆ ಹೋಯಿತು. ಮತ್ತೆ ಕೋಲು. ಮತ್ತೆ ಕುಡಿ. ಯಾರೋ ಓಡಿಹೋಗಿ ಗೌಡನಿಗೆ ಸುದ್ದಿ ಮುಟ್ಟಿಸಿದರು. ಗೌಡ ಕುದುರೆಯ ಮೇಲೆ ಬಂದ. ಇಳಿಯಲಿಲ್ಲ. ಮೇಲಿನಿಂದಲೇ ಬಾರುಕೋಲು ಬೀಸಿದ. ಭಾಗಮ್ಮನ ರಟ್ಟೆ ಸೀಳಿತು. ಮಣ್ಣು ತೊಳೆದ ನೀರಿನಂಥ ರಕ್ತ ಬಂತು.

"ಬಾಯಿ ತಗಿಸಲೇ ಆಕೀದು!" ಎಂದು ಗೌಡ ಅಬ್ಬರಿಸಿದ.

ತೆಗೆಸಬೇಕಾಗಲಿಲ್ಲ. ಅವಳೇ ಎದ್ದು ನಿಂತಳು. ತಲೆ ಮೇಲೆತ್ತಿದಳು. ಬಾಯಿ ಅಗಲಿಸಿದಳು. ಬಾಯಿ ತುಂಬ ಹಸಿರು. ಸುಲಿದ ಕೆಂಪು ನಾಲಿಗೆಯ ಮೇಲೆ ಅಗಿದ ಎಲೆ.

"ನೋಡ್ರಿ ಗೌಡ್ರ. ತಿಂದೇನಿ. ನಾಳೀನೂ ತಿಂತೇನಿ. ನಿಮಗ ದುಡಿಯಾಕ ಆಳು ಹುಟ್ಟಬೇಕು. ಹಡಿಯೂ ಹೊಟ್ಟಿಗೆ ಮಾತ್ರ ಒಂದು ಎಲಿ ಹೋಗಬಾರದು. ಹೊಡೀರಿ. ಹೊಡದ್ರೂ ತಿಂತೇನಿ."

ಮತ್ತೆ ಬಾರುಕೋಲು ಎದ್ದಿತು. ಆಗ ಪಕ್ಕದ ಸಾಲಿನಲ್ಲಿದ್ದ ಅಜೀಜಾಬಿ ಎಂಬ ಕೂಲಿಹೆಂಗಸು ಚೂಟಿ ಹಿಡಿದಿದ್ದ ಕುಡಿಯನ್ನು ಬುಟ್ಟಿಗೆ ಹಾಕಲಿಲ್ಲ. ಬಾಯಿಗೆ ಹಾಕಿದಳು. ಗೌಡನನ್ನೇ ನೋಡುತ್ತ ಅಗಿದಳು. ಅವಳ ಹಿಂದಿನವಳು ತಿಂದಳು. ಅವಳ ಹಿಂದಿನವಳೂ. ಒಬ್ಬಳು ಹೆದರಿ ಅಳುತ್ತಲೇ ತಿಂದಳು. ಹೊಲದ ತುಂಬ ಅಗಿಯುವ ಸಪ್ಪಳವಲ್ಲದೆ ಬೇರೆ ಸಪ್ಪಳ ಇರಲಿಲ್ಲ. ಗೌಡನ ಕುದುರೆ ಹಿಂದೆ ಹಿಂದೆ ಸರಿಯಿತು.

"ನಾಳಿಂದ ನಿಮ್ಮ ಕೇರಿಯ ಒಂದು ನಾಯಿನೂ ನನ್ನ ಹೊಲ ತುಳಿಯಬಾರದು!"

"ಆತ್ರಿ" ಎಂದಳು ಭಾಗಮ್ಮ.

ಯಾರೂ ತುಳಿಯಲಿಲ್ಲ. ಗೌಡ ಕೊಳಕೂರಿಗೆ ಆಳು ಕಳಿಸಿದ, ಅಫಜಲಪುರದ ಕಡೆಗೂ ಕಳಿಸಿದ. ರಜಾಕಾರರ ಭಯಕ್ಕೆ ಯಾವ ಊರಿನ ಹೆಂಗಸೂ ಎಲ್ಲೆ ದಾಟಿ ಕೂಲಿಗೆ ಬರಲು ಒಪ್ಪಲಿಲ್ಲ. ಕಡಲೆ ಬೆಳೆಯುತ್ತಲೇ ಇತ್ತು. ಹೂ ಬಿಟ್ಟರೆ ಚೂಟುವಂತಿಲ್ಲ. ಚೂಟದಿದ್ದರೆ ಟಿಸಿಲಿಲ್ಲ, ಕಾಯಿಲ್ಲ. ಕೇರಿಯಲ್ಲಿ ಜೋಳದ ಹಿಟ್ಟು ಮುಗಿಯುತ್ತ ಬಂತು. ಕೆಲವರು ಭಾಗಮ್ಮನಿಗೆ ಶಾಪ ಹಾಕಿದರು. "ನಿನ್ನ ಹೊಟ್ಟಿ ಸಲುವಾಗಿ ನಮ್ಮ ಹೊಟ್ಟಿಗೆ ಕಲ್ಲು ಹಾಕಿದಿ" ಎಂದರು. ಅವಳು ತಲೆ ತಗ್ಗಿಸಿ ಕೇಳಿದಳು. ಹೊಲಕ್ಕೆ ಹೋಗೋಣ ಎಂದು ಮಾತ್ರ ಅನ್ನಲಿಲ್ಲ.

ಆಗ ಗೌಡ ಮಲ್ಕಪ್ಪನನ್ನು ಹಿಡಿದ. ಕೈ ಹಿಂದಕ್ಕೆ ತಿರುವಿ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿದ.

"ಹೆಂಡ್ತಿನ್ನ ಕರಸು. ನನ್ನ ಕಾಲಿಗೆ ಬಿದ್ದು ತಪ್ಪಾತು ಅನ್ಲಿ. ಅಲ್ಲೀತನಕ ನೀ ಇಲ್ಲೇ."

ಸುದ್ದಿ ಕೇರಿಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಾಳಮ್ಮ ಎದೆ ಬಡಿದುಕೊಂಡಳು. ಭಾಗಮ್ಮನ ಜುಟ್ಟು ಹಿಡಿದಳು. "ನನ್ನ ಮಗನ್ನ ಕೊಂದಿ, ರಂಡೆ!" ಭಾಗಮ್ಮ ಬಿಡಿಸಿಕೊಳ್ಳಲಿಲ್ಲ. ಹೋಗಿ ಕಾಲಿಗೆ ಬಿದ್ದರೆ ಮುಗಿಯಿತು ಎಂದು ಅವಳಿಗೂ ಅನ್ನಿಸಿತು. ಗಂಡ ಬದುಕಿದರೆ ಸಾಕು.

"ಹೋಗಿ ಬೀಳತೇನಿ ಅತ್ತಿ" ಎಂದಳು.

ಮಾಳಮ್ಮನ ಕೈ ಸಡಿಲಾಯಿತು. ಅವಳು ನೆಲಕ್ಕೆ ಕೂತಳು. ಮೆಲ್ಲಗೆ ಹೇಳಿದಳು:

"ಬಸರಿ ಇದ್ದಾಗೆಲ್ಲ ನನ್ನ ನಾಲಿಗಿನೂ ಹಂಗ ಇತ್ತು. ಸುಲದು, ಕೆಂಪಗ. ಒಂದೊಂದ ಹುಟ್ಟಿದ್ವು, ಒಂದೊಂದ ಹ್ವಾದ್ವು. ಹಾಲು ಬರಲಿಲ್ಲ. ನನ್ನ ಕರ್ಮ ಅನಕೊಂಡೆ. ಇವನೊಬ್ಬ ಉಳದ. ನೀ ಹೇಳಿದ ಮ್ಯಾಲ ನನಗ ನಿದ್ದಿ ಹತ್ತಿಲ್ಲವಾ ಭಾಗವ್ವ."

ಮದುವೆಯಾಗಿ ಬಂದ ಮೇಲೆ ಅತ್ತೆ ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮಾಳಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೀ ಬೀಳಬ್ಯಾಡ. ನಾ ಬರ್ತೇನಿ, ನಡಿ."

ಹೆಂಗಸರು ಒಬ್ಬೊಬ್ಬರೇ ಗುಡಿಸಲಿನಿಂದ ಹೊರಬಂದರು. ಶಾಪ ಹಾಕಿದವರೂ ಬಂದರು. ವಾಡೆಯ ಬಾಗಿಲ ಮುಂದೆ, ಅವರು ಎಂದೂ ನಿಲ್ಲಬಾರದ ಜಾಗದಲ್ಲಿ, ನಿಂತರು. ಒಳಗೆ ಕಂಬಕ್ಕೆ ಕಟ್ಟಿದ ಮಲ್ಕಪ್ಪನ ತಲೆ ಎದೆಯ ಮೇಲೆ ಜೋತಿತ್ತು.

ಗೌಡ ಕಟ್ಟೆಯ ಮೇಲೆ ಬಂದ. "ಬಂದಿಯೇನು ಬೇ? ಬೀಳು ಕಾಲಿಗೆ."

ಭಾಗಮ್ಮ ಅಲುಗಲಿಲ್ಲ. ಮಾಳಮ್ಮ ಮುಂದೆ ಬಂದಳು.

"ಗೌಡಾ" ಎಂದಳು. ಊರಿನಲ್ಲಿ ಯಾರೂ ಅವನನ್ನು ಹಾಗೆ ಏಕವಚನದಲ್ಲಿ ಕರೆದಿರಲಿಲ್ಲ. "ನನ್ನ ಕೂಸುಗೋಳು ನಿನ್ನ ಹೊಲದ ಬದುವಿನ್ಯಾಗ ಮಣ್ಣಾಗ್ಯಾವ. ಹಡದ ಮಾರನೇ ದಿನ ನಿನ್ನ ಹೊಲದ ಕಳೆ ತಗಿಯಾಕ ಬಂದೀನಿ. ಒಂದು ಹಿಡಿ ಪಲ್ಯಕ್ಕ ನಿನ್ನಪ್ಪ ನನ್ನ ಬಾಯಿಗೆ ಕೋಲು ಹಾಕಿ ತಗಿಸಿದ್ದ. ಈಗ ಈ ಸೊಸಿನೂ ಹಂಗ ಸಾಯಲಿ ಅಂತೀಯೇನು? ನನ್ನ ಮಗನ್ನ ಬಿಚ್ಚು. ಇಲ್ಲಂದ್ರ ನಾವು ಇಲ್ಲೇ ಕುಂದ್ರತೇವು. ನಿನ್ನ ಕಡ್ಲಿ ಹೂ ಬಿಡಲಿ."

ಹೆಂಗಸರು ವಾಡೆಯ ಬಾಗಿಲಿಗೆ ಅಡ್ಡ ಕೂತರು. ಒಳಗಿನವರು ಹೊರಗೆ ಬರಬೇಕಾದರೆ ಅವರನ್ನು ಮುಟ್ಟಿಕೊಂಡೇ ದಾಟಬೇಕು. ನೀರಿಗೆ ಹೊರಟ ಆಳು ಕೊಡ ಹಿಡಿದು ಅಲ್ಲೇ ನಿಂತ. ದೊಡ್ಡಗೌಡ್ತಿ ಕಿರುಚಿದಳು. ಗೌಡ ಬಾರುಕೋಲು ತರಿಸಿದ. ಬೀಸಲಿಲ್ಲ. ಬೀರಲಿಂಗಪ್ಪ ಅವನ ಕಿವಿಯ ಹತ್ತಿರ ಬಾಗಿ ಹೇಳಿದ್ದು ಮುಂದಿನವರಿಗೆಲ್ಲ ಕೇಳಿಸಿತು:

"ಮ್ಯಾಗಿನ ಹೊಲದಾಗ ಮೊಗ್ಗಿ ಕಾಣಾಕತ್ತಾವ್ರಿ ಧಣಿ. ಇನ್ನ ತಡಾ ಮಾಡಿದ್ರ ಕೈ ಬಿಟ್ಟು ಹೋಗ್ತದ."

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಗೌಡ ಕೈಸನ್ನೆ ಮಾಡಿದ. ಹಗ್ಗ ಬಿಚ್ಚಿದರು. "ಸಂಜಿಗೆ ಒಬ್ಬೊಬ್ಬಾಕಿ ಒಂದು ಉಡಿ ಪಲ್ಯ ಒಯ್ಯಿರಿ. ಹ್ವಾಗ್ರಿ" ಎಂದು ಮುಖ ತಿರುಗಿಸಿದ.

"ಬಾಯಿ ತಗಿಸಿ ನೋಡೂದು?" ಎಂದಳು ಭಾಗಮ್ಮ.

ಗೌಡ ಒಳಗೆ ಹೋದ. ಬೀರಲಿಂಗಪ್ಪ ನೆಲ ನೋಡುತ್ತ "ಇಲ್ಲ" ಎಂದ.

ಮಲ್ಕಪ್ಪನ ಬಲ ಭುಜ ಮತ್ತೆ ಸರಿಯಾಗಲಿಲ್ಲ. ಮನೆಗೆ ಕರೆತಂದು ಎಣ್ಣೆ ಹಚ್ಚುವಾಗ ಅವನು ಹೆಂಡತಿಯ ಮುಖ ನೋಡಿ ಮಾತಾಡಿದ. "ಮಟಕಿಗೆ ಹೇಳಿ ಕಳಸು. ಆ ಹುಡುಗಿ ಬರೂದು ಬ್ಯಾಡ." ಆಮೇಲೆ ಹೇಳಿದ: "ನಾನೂ ಇನ್ನ ಜೀತಕ್ಕ ಹೋಗೂದಿಲ್ಲ." ಅವನು ಊರ ಹೊರಗಿನ ಕಲ್ಲು ಕ್ವಾರಿಗೆ ಹೋದ. ಒಂದೇ ಕೈಬಲದಲ್ಲಿ ಕಲ್ಲು ಒಡೆದ.

ಆ ಚಳಿಗಾಲ ಕೇರಿ ಕಡಲೆಪಲ್ಯ ತಿಂದಿತು. ಮಾಳಮ್ಮ ನೀರು ಬಸಿಯುವುದನ್ನು ಬಿಟ್ಟಳು. ಖಾಸೀಂಬಿ ಯಾವಾಗಲಾದರೊಮ್ಮೆ ಒಂದು ಗಂಟು ಬೇಳೆ ಕಳಿಸುತ್ತಿದ್ದಳು. ಭಾಗಮ್ಮನ ನಾಲಿಗೆಯ ಉರಿ ಮೊದಲು ಹೋಯಿತು. ಪಾದದ ಬಾವು ಇಳಿಯಿತು. ಸುಗ್ಗಿಯ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಮುಟ್ಟಾದಳು. ಸೀರೆಯ ಮೇಲೆ ಕೆಂಪು ಕಲೆ. ಅದನ್ನು ನೋಡುತ್ತ ಗುಡಿಸಲಿನ ಹಿಂದೆ ಕೂತು ಅತ್ತಳು. ಮುಂದಿನ ತಿಂಗಳೂ ಆಯಿತು. ಯುಗಾದಿ ಕಳೆದ ಮೇಲೆ ಆಗಲಿಲ್ಲ. ಈ ಸಲ ತಪ್ಪಿದ್ದಕ್ಕೆ ಕಾರಣ ಬೇರೆ ಇತ್ತು. ಖಾಸೀಂಬಿ ಬಂದು ಹೊಟ್ಟೆ ಮುಟ್ಟಿ ನಕ್ಕಳು.

"ಪಲ್ಯದಿಂದಾತೋ, ಅಲ್ಲಾನ ಮರ್ಜಿಯಿಂದಾತೋ, ನನಗೇನು ಗೊತ್ತು ಬೇಟಿ. ತಿನ್ನೂದು ಮಾತ್ರ ಬಿಡಬ್ಯಾಡ."

ಭಾದ್ರಪದದಲ್ಲಿ ಭಾರತ ಸರಕಾರದ ದಂಡು ಬಂತು. ಲಾರಿಗಳ ಧೂಳು ಜೇವರ್ಗಿಯ ದಾರಿಯಲ್ಲಿ ಎದ್ದಿತು. ರಜಾಕಾರರು ಓಡಿದರು. ಅದರ ಬೆನ್ನಿಗೆ ಏನೂ ಮಾಡದ ಬಡ ಸಾಬರ ಮನೆಗಳಿಗೂ ಬೆಂಕಿ ಬಿತ್ತು. ಅಜೀಜಾಬಿ ಕೆಲವು ದಿನ ಭಾಗಮ್ಮನ ಗುಡಿಸಲಿನಲ್ಲೇ ಅಡಗಿದ್ದಳು. ಗೌಡನ ವಾಡೆಗೆ ಯಾರೂ ಕೈ ಹಚ್ಚಲಿಲ್ಲ. ಅವನ ತಲೆಯ ಮೇಲೆ ಬಿಳಿ ಟೋಪಿ ಬಂದಿತ್ತು.

ಒಂದು ಮಧ್ಯಾಹ್ನ ಆ ಟೋಪಿ ಹಾಕಿಕೊಂಡು ಅವನು ಕೇರಿಗೆ ಬಂದ. ಹಿಂದೆ ಅಂಥದೇ ಟೋಪಿಯ ನಾಲ್ಕು ಜನ. ಬೀರಲಿಂಗಪ್ಪನ ಕೈಯಲ್ಲಿ ತಾಟು. ತಾಟಿನಲ್ಲಿ ಹಸಿರು ಸೀರೆ, ಬಳೆ, ಕೊಬ್ಬರಿ.

"ಭಾಗವ್ವ" ಎಂದು ಕರೆದ, ಎಲ್ಲರಿಗೂ ಕೇಳುವಂತೆ. "ಸ್ವರಾಜ್ಯ ಬಂತು. ಇನ್ನ ಮ್ಯಾಲ ಮೇಲು ಕೀಳು ಇಲ್ಲ. ನಾವೆಲ್ಲ ಒಂದ. ನಿನ್ನ ಕುಬಸ ನಮ್ಮ ವಾಡೆ ಕಡಿಂದ. ಕೂಸು ಹುಟ್ಟಿದ ಮ್ಯಾಲ ಮಲ್ಕಪ್ಪ ತಿರುಗಿ ಬರಲಿ. ಗಂಡಾದ್ರ ದನ ಕಾಯಾಕ ಆತು, ಹೆಣ್ಣಾದ್ರ ಕಸಾ ಹೊಡಿಯಾಕ ಆತು. ಹಳೇ ಋಣಾ ಹಿಂಗ ಬಿಡ್ತದೇನು?"

ಹಿಂದಿನವರು ನಕ್ಕರು. ಮಲ್ಕಪ್ಪ ಎದ್ದು ನಿಂತ. ಭಾಗಮ್ಮ ಒಲೆಯ ಮುಂದಿನಿಂದ ಎದ್ದಳು. ಒಂದು ಕೈ ಸೊಂಟದ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಬಾಗಿಲಿಗೆ ಬಂದಳು.

"ಇದು ಆಳಲ್ರಿ. ಕೂಸು. ತಾಟ ತಿರುಗಿ ಒಯ್ಯಿರಿ."

"ಹಂಗ ಅನಬ್ಯಾಡ ಬೇ. ನಾವೆಲ್ಲ ಒಂದ ಅಂತ ಹೇಳಿದೆ."

"ಒಂದ ಇದ್ರ ಒಳಗ ಬರ್ರಿ ಗೌಡ್ರ" ಎಂದಳು ಭಾಗಮ್ಮ. ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಬಿಸಿ ರೊಟ್ಟಿ ಮಾಡೇನಿ. ಪುಂಡಿಪಲ್ಯ ಅದ. ಕುಂತು ಉಣ್ಣರಿ."

ಒಳಗೆ ಮಾಳಮ್ಮ ತಾಟು ಹಾಕಿದ ಸಪ್ಪಳ ಕೇಳಿಸಿತು. ಗೌಡ ಹೊಸ್ತಿಲನ್ನು ನೋಡಿದ. ಒಳಗಿನ ಕತ್ತಲೆಯನ್ನು ನೋಡಿದ. ಹಿಂದಿನವರ ಮುಖ ನೋಡಿದ. ಒಂದು ಕಾಲು ಎತ್ತಿದವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಇದ್ದಲ್ಲೇ ಇಟ್ಟ.

"ಹೊತ್ತಾತು" ಎಂದ. "ತಹಸೀಲಿಗೆ ಹೋಗೂದದ."

ಬಿಳಿ ಟೋಪಿಗಳೂ ಹಸಿರು ಸೀರೆಯ ತಾಟೂ ಕೇರಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ಮಾಳಮ್ಮ ಗೌಡನಿಗೆಂದು ಹಾಕಿದ್ದ ತಾಟಿನ ಮುಂದೆ ಕೂತಳು. ಹಸಿವಾಗಿತ್ತು. ಉಂಡಳು.